ಸೈಕಸ್ ಗಿಡ ಮನೆಯಲ್ಲಿ ಸಾಕುವುದು: ಕುಂಡ, ನೀರು, ಸುಳಿ, ರೋಗ, ಮರಿ

ಸೈಕಸ್ ತಿಂಗಳುಗಟ್ಟಲೆ ಅಲುಗದೆ ನಿಂತಿರುತ್ತದೆ. ಆಮೇಲೆ ಒಂದು ದಿನ ಸುಳಿ ಉಬ್ಬಿ, ಗರಿಗಳೆಲ್ಲ ಒಟ್ಟಿಗೇ ಮೇಲೇಳುತ್ತವೆ. ಐದಾರು ವಾರಗಳಲ್ಲಿ ಅವು ಪೂರ್ತಿ ಬಿಚ್ಚಿಕೊಂಡು ಬಲಿಯುತ್ತವೆ. ಅಷ್ಟಾದ ಮೇಲೆ ಅವುಗಳ ಉದ್ದವನ್ನಾಗಲಿ ಆಕಾರವನ್ನಾಗಲಿ ತಿದ್ದಲು ಬರುವುದಿಲ್ಲ. ಮುಂದಿನ ಸುತ್ತಿನ ಗರಿ ಬರಲು ಸಾಮಾನ್ಯವಾಗಿ ಒಂದು ವರ್ಷ ಬೇಕು. ಅಲ್ಲಿಯವರೆಗೆ ಗಿಡ ಇರುವ ಗರಿಗಳಲ್ಲೇ ಬದುಕಬೇಕು. ಹೀಗಾಗಿ ಬೇರೆ ಗಿಡಗಳಂತೆ ವಾರವಾರದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಯಾವ ಕೆಲಸವನ್ನೇ ಮಾಡಲಿ, ಸುಳಿ ಒಡೆಯುವುದಕ್ಕೆ ಮೊದಲೋ, ಒಡೆದಾಗಲೋ, ಗರಿ ಬಲಿತ ಮೇಲೋ ಎಂದು ನೋಡಿ ಮಾಡಬೇಕು.

ಇನ್ನೊಂದು ಸಂಗತಿಯೂ ಇದರ ಜೊತೆಗಿದೆ. ಸೈಕಸ್‌ನ ದಪ್ಪ ಕಾಂಡದ ತುಂಬ ಪಿಷ್ಟ ಇರುತ್ತದೆ. ಬೇರೆಲ್ಲ ಕೊಳೆತುಹೋದರೂ ಆ ದಾಸ್ತಾನಿನ ಬಲದಿಂದ ಗರಿಗಳು ತಿಂಗಳುಗಟ್ಟಲೆ ಹಸಿರಾಗಿಯೇ ಉಳಿಯಬಹುದು. ಇವತ್ತು ಕಾಣುವ ಹಳದಿ ಬಣ್ಣಕ್ಕೆ ಕಾರಣ ನಾಲ್ಕು ತಿಂಗಳ ಹಿಂದಿನ ನೀರಾಗಿರಬಹುದು. ಇವತ್ತು ಹಾಕಿದ ಗೊಬ್ಬರದ ಗುಣ ಕಾಣುವುದು ಮುಂದಿನ ಸುತ್ತಿನ ಗರಿಯಲ್ಲಿ. ಇದನ್ನು ತಿಳಿಯದೆ, ಹಳದಿ ಕಂಡ ಕೂಡಲೇ ನೀರು, ಗೊಬ್ಬರ, ಔಷಧ ಎಲ್ಲವನ್ನೂ ಒಂದೇ ವಾರದಲ್ಲಿ ಸುರಿಯುವವರ ಗಿಡಗಳೇ ಹೆಚ್ಚಾಗಿ ಸಾಯುತ್ತವೆ.

ತಾಳೆಯಂತೆ ಕಂಡರೂ ಇದು ತಾಳೆಯ ಜಾತಿಯಲ್ಲ, ಜರೀಗಿಡವೂ ಅಲ್ಲ. ಹೂ ಬಿಡದೆ ಶಂಕುಗಳಲ್ಲಿ ಬೀಜ ಕಟ್ಟುವ ಅನಾವೃತಬೀಜ ಸಸ್ಯ. ಆ ಲೆಕ್ಕದಲ್ಲಿ ಪೈನ್ ಮರಕ್ಕೆ ಹೆಚ್ಚು ಹತ್ತಿರ. ಸೈಕಸ್ ಸೇರಿರುವ ಸೈಕಾಡ್ ಎಂಬ ಸಸ್ಯಗುಂಪಿನಲ್ಲಿ 10 ಕುಲಗಳು, 350ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳ ವಂಶದ ಪಳೆಯುಳಿಕೆಗಳು ಸುಮಾರು 28 ಕೋಟಿ ವರ್ಷದಷ್ಟು ಹಳೆಯವು. ಆದರೆ ಇಂದು ಬದುಕಿರುವ ಪ್ರಭೇದಗಳಲ್ಲಿ ಹೆಚ್ಚಿನವು ಕವಲೊಡೆದದ್ದು ಸುಮಾರು 1.2 ಕೋಟಿ ವರ್ಷಗಳಿಂದ ಈಚೆಗೆ ಎಂದು 2011ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ‘ಡೈನೋಸಾರ್ ಕಾಲದ ಗಿಡ’ ಎಂಬ ಮಾತನ್ನು ಅಷ್ಟರಮಟ್ಟಿಗೆ ಹಿಡಿತದಲ್ಲಿಟ್ಟುಕೊಂಡು ಕೇಳುವುದು ಒಳ್ಳೆಯದು.

ಮೊದಲು ವಿಷದ ಮಾತು

ಗಿಡದ ಎಲ್ಲ ಭಾಗವೂ ವಿಷ. ಗರಿ, ಕಾಂಡ, ಬೇರು ಎಲ್ಲದರಲ್ಲೂ ಸೈಕಸಿನ್ ಎಂಬ ವಸ್ತು ಇದೆ. ಬೀಜದಲ್ಲಿ ಅತಿ ಹೆಚ್ಚು. ಅದು ಯಕೃತ್ತನ್ನು ಹಾಳುಮಾಡುತ್ತದೆ. ಒಂದೆರಡು ಬೀಜ ಅಗಿದ ನಾಯಿ ಸಾಯಬಹುದು. ವಾಂತಿ, ಜೊಲ್ಲು, ಮಂಕು ಕಾಣಿಸುವವರೆಗೆ ಕಾಯದೆ, ತಿಂದದ್ದು ತಿಳಿದ ಕೂಡಲೇ ಪಶುವೈದ್ಯರ ಬಳಿ ಹೋಗಬೇಕು. ಎಲ್ಲವನ್ನೂ ಬಾಯಿಗಿಡುವ ಮಗುವೋ ಕಚ್ಚುವ ನಾಯಿಮರಿಯೋ ಇರುವ ಮನೆಯಲ್ಲಿ ಈ ಗಿಡ ಬೇಡವೆಂದೇ ಹೇಳಬೇಕಾಗುತ್ತದೆ. ಇಟ್ಟೇ ಇಡುವುದಾದರೆ ಅವರಿಗೆ ಎಟುಕದ ಕಡೆ ಇಡಿ, ಹೆಣ್ಣು ಗಿಡದಲ್ಲಿ ಬೀಜ ಕಂಡ ಕೂಡಲೇ ತೆಗೆದುಹಾಕಿ. ಹೆಚ್ಚಾಗಿ ಮಾರಾಟಕ್ಕೆ ಸಿಗುವ ಸೈಕಸ್ ರೆವೊಲೂಟಾ ಎಂಬ ಪ್ರಭೇದದ ಎಲೆತುದಿಗಳು ಸೂಜಿಯಂತೆ ಚುಚ್ಚುತ್ತವೆ. ಓಡಾಡುವ ದಾರಿಯಿಂದ ಒಂದು ಮೀಟರ್ ದೂರದಲ್ಲಿರಲಿ. ಗರಿ ಕತ್ತರಿಸುವಾಗ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಯಾವ ಗಿಡ ತರಬೇಕು

‘ಸಾಗೋ ಪಾಮ್’ ಎಂದು ಮಾರುವುದು ಜಪಾನಿನ ದಕ್ಷಿಣ ಭಾಗ ಮತ್ತು ರ್‍ಯೂಕ್ಯೂ ದ್ವೀಪಗಳ ಸೈಕಸ್ ರೆವೊಲೂಟಾ. ಹೊಸಬರಿಗೆ ಇದೇ ಸರಿ: ಬಿಸಿಲು, ಬರ, ಸ್ವಲ್ಪ ಹೊತ್ತಿನ ಹಿಮ ಎಲ್ಲವನ್ನೂ ತಡೆಯುತ್ತದೆ. ಮೆಕ್ಸಿಕೋದ ಝಾಮಿಯಾ ಫರ್ಫುರೇಸಿಯಾಕ್ಕೆ ಅಗಲವಾದ, ರಟ್ಟಿನಂತೆ ಒರಟಾದ ಎಲೆಗಳು. ಮುಳ್ಳಿನ ಕಾಟ ಕಡಿಮೆ, ಚಳಿ ಆಗದು. ಅದೇ ದೇಶದ ಡಯೂನ್ ಎಡೂಲೆ ತೀರ ನಿಧಾನ, ಆದರೆ ಗಟ್ಟಿ. ನೆರಳೇ ಗತಿಯಾದ ಜಾಗಕ್ಕೆ ಸೆರಟೊಝಾಮಿಯಾ ಅಥವಾ ಆಸ್ಟ್ರೇಲಿಯಾದ ಲೆಪಿಡೊಝಾಮಿಯಾ ತರಬೇಕು. ಅಲ್ಲಿ ರೆವೊಲೂಟಾ ಇಟ್ಟರೆ ಸೊರಗುತ್ತದೆ. ಪಶ್ಚಿಮ ಘಟ್ಟದ ಸೈಕಸ್ ಸರ್ಸಿನಾಲಿಸ್ ಮರದೆತ್ತರ ಬೆಳೆಯುವಂಥದ್ದು. ಅದು ನೆಲಕ್ಕೇ ಸರಿ, ಕುಂಡಕ್ಕಲ್ಲ.

ಕೊಳ್ಳುವಾಗ ಗರಿಗಿಂತ ಕಾಂಡವನ್ನು ನೋಡಿ. ಹೆಬ್ಬೆರಳಿನಿಂದ ಸುತ್ತಲೂ ಒತ್ತಿದರೆ ಎಲ್ಲೂ ಮೆತ್ತಗಿರಬಾರದು. ಮೆಲ್ಲಗೆ ಅಲುಗಿಸಿದರೆ ಕಾಂಡ ಕುಂಡದೊಳಗೆ ಜೋಲಾಡಬಾರದು. ಜೋಲಾಡಿದರೆ ಬೇರಿಲ್ಲ ಎಂದರ್ಥ. ಗರಿಯ ಅಡಿಭಾಗದಲ್ಲಿ ಬಿಳಿ ಹುಡಿ ಕಂಡರೆ ಅದು ಕೀಟವಿರಬಹುದು, ಅಲ್ಲೇ ಬಿಟ್ಟು ಬನ್ನಿ. ದೊಡ್ಡ ಕಾಂಡದ, ಮೈಮೇಲೆ ಗಾಯಗಳಿರುವ, ಬೇರು ಕತ್ತರಿಸಿದ ಗಿಡ ಕಂಡರೆ ಅದನ್ನು ಕಾಡಿನಿಂದ ಕಿತ್ತು ತಂದಿರಬಹುದೇ ಎಂದು ಕೇಳಿ ತಿಳಿಯಿರಿ. ಭೂಮಿಯ ಮೇಲಿನ ಅತಿ ಅಪಾಯದಲ್ಲಿರುವ ಸಸ್ಯ ಗುಂಪುಗಳಲ್ಲಿ ಸೈಕಾಡ್ ಒಂದು, ಕಳ್ಳಸಾಗಣೆ ಅದಕ್ಕೆ ದೊಡ್ಡ ಕಾರಣ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲಿ ಎಲ್ಲ ಸೈಕಾಡ್‌ಗಳೂ ಸೇರಿವೆ. ಆಫ್ರಿಕಾದ ಎನ್ಸೆಫಲಾರ್ಟಸ್ ಕುಲ ಪೂರ್ತಿ, ಸೈಕಸ್ ಬೆಡ್ಡೋಮಿ ಮುಂತಾದವು ಅತಿ ಕಟ್ಟುನಿಟ್ಟಿನ ಮೊದಲ ಅನುಬಂಧದಲ್ಲಿವೆ. ನರ್ಸರಿಯಲ್ಲಿ ಬೀಜ ಅಥವಾ ಮರಿಯಿಂದ ಬೆಳೆಸಿದ ಗಿಡವನ್ನೇ ಕೊಳ್ಳಿ.

ಕುಂಡ ಮತ್ತು ಮಣ್ಣು

ಕುಂಡದ ಸೈಕಸ್‌ಗೆ ಬರುವ ಕಾಯಿಲೆಗಳಲ್ಲಿ ಹಲವು ಮಣ್ಣಿನಿಂದಲೇ ಶುರುವಾಗುತ್ತವೆ. ತೋಟದ ಮಣ್ಣನ್ನು ಕುಂಡಕ್ಕೆ ತುಂಬಿದರೆ ಒಂದು ವರ್ಷದಲ್ಲಿ ಅದು ಗಟ್ಟಿಕಟ್ಟಿ, ಬೇರಿಗೆ ಗಾಳಿ ಸಿಗದಂತಾಗುತ್ತದೆ. ಮಿಶ್ರಣದಲ್ಲಿ ಕೊಳೆಯದ ಒರಟು ವಸ್ತು ಅರ್ಧಕ್ಕಿಂತ ಹೆಚ್ಚಿರಬೇಕು. ಉದಾಹರಣೆಗೆ: ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಅಥವಾ ಪರ್ಲೈಟ್ (ಕಾಯಿಸಿ ಉಬ್ಬಿಸಿದ ಬಿಳಿ ಹಗುರ ಹರಳು) ಎರಡು ಪಾಲು, 2ರಿಂದ 4 ಮಿಲಿಮೀಟರ್ ಗಾತ್ರದ, ತೊಳೆದ ಒರಟು ಮರಳು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು. ನುಣ್ಣನೆಯ ಮರಳು ಬೇಡ. ಅದು ಸಂದುಗಳನ್ನು ಮುಚ್ಚುತ್ತದೆ. ಮಿಶ್ರಣ ತುಂಬಿದ ಕುಂಡಕ್ಕೆ ಒಂದು ಲೀಟರ್ ನೀರು ಸುರಿದು ನೋಡಿ: ಕೆಲವೇ ಸೆಕೆಂಡುಗಳಲ್ಲಿ ಮೇಲ್ಮೈಯಿಂದ ಇಂಗಿ, ಅರ್ಧ ನಿಮಿಷದೊಳಗೆ ತಳದಿಂದ ಹರಿಯಬೇಕು. ನೀರು ಮೇಲೆ ನಿಂತರೆ ಪರ್ಲೈಟ್ ಇನ್ನೂ ಸೇರಿಸಬೇಕು. ಮಣ್ಣಿನ ರಸಸಾರ (ಪಿಎಚ್) 5.5ರಿಂದ 6.5ರ ನಡುವೆ ಇದ್ದರೆ ಒಳ್ಳೆಯದು. 7 ದಾಟಿದರೆ ಮ್ಯಾಂಗನೀಸ್ ಎಂಬ ಪೋಷಕಾಂಶ ಬೇರಿಗೆ ಸಿಗುವುದು ಕಷ್ಟ.

ಕುಂಡದ ತಳಕ್ಕೆ ಜಲ್ಲಿಯ ಪದರ ಹಾಕುವ ರೂಢಿ ಬಿಟ್ಟುಬಿಡಿ. ನೀರು ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೇ ನಿಲ್ಲುತ್ತದೆ, ಹಸಿ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿಗೆ ಒಂದು ತುಂಡು ಬಲೆ ಸಾಕು. ಸೈಕಸ್ ಬೇರು ಆಳಕ್ಕಿಳಿಯುವುದರಿಂದ ಅಗಲಕ್ಕಿಂತ ಆಳದ ಕುಂಡ ಒಳ್ಳೆಯದು. ಬೇರಿನ ಗುಡ್ಡೆಗಿಂತ ಸುತ್ತಲೂ 3ರಿಂದ 5 ಸೆಂಟಿಮೀಟರ್ ಜಾಗವಷ್ಟೇ ಇರಲಿ. ‘ಮುಂದೆ ಬೆಳೆಯುತ್ತದಲ್ಲ’ ಎಂದು ದೊಡ್ಡ ಕುಂಡಕ್ಕೆ ಹಾಕಿದರೆ, ಬೇರಿಲ್ಲದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿದು ಕೊಳೆ ಹಿಡಿಸುತ್ತದೆ. ಇಕ್ಕಟ್ಟು ಎಂದು ಮರುಗುವುದೂ ಬೇಡ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದ ಎನ್ಸೆಫಲಾರ್ಟಸ್ ಆಲ್ಟೆನ್‌ಸ್ಟೈನೀ ಇಂದಿಗೂ ಕುಂಡದಲ್ಲೇ ಬದುಕಿದೆ.

ರೆವೊಲೂಟಾದ ಗುಂಡಗಿನ ಕಾಂಡದ ಕೆಳಗಿನ ಮೂರನೇ ಒಂದು ಭಾಗ ಮಾತ್ರ ಮಣ್ಣಿನಲ್ಲಿರಲಿ, ಸುಳಿ ಯಾವತ್ತೂ ಮೇಲಿರಲಿ. ಕುಂಡ ಬದಲಿಸುವುದು ಮೂರು ನಾಲ್ಕು ವರ್ಷಕ್ಕೊಮ್ಮೆ, ಸುಳಿ ಒಡೆಯುವ ಕಾಲಕ್ಕೆ ಒಂದೆರಡು ತಿಂಗಳು ಮೊದಲು. ಆಗ ಮಣ್ಣಿನ ಮೇಲ್ಮೈ ಹತ್ತಿರ ಹವಳದಂತೆ ಕವಲೊಡೆದ, ಗಂಟುಗಂಟಾದ ಬೇರಿನ ಗೊಂಚಲು ಕಾಣಬಹುದು. ರೋಗವೆಂದು ಕಿತ್ತುಹಾಕಬೇಡಿ. ಅದರೊಳಗೆ ನೀಲಿ-ಹಸಿರು ಪಾಚಿ ವಾಸವಾಗಿದ್ದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸಿಕೊಡುತ್ತದೆ. ಈ ಬೇರುಗಳು ಬೆಳಕಿನ ಕಡೆಗೆ, ಮೇಲಕ್ಕೆ ಬೆಳೆಯುವುದೇ ಸಹಜ.

ನೀರು, ಬೆಳಕು, ಸುಳಿ ಒಡೆಯುವ ವಾರಗಳು

ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ. ಅಲ್ಲಿ ಒಣಗಿದ್ದರೆ ಮಾತ್ರ ನೀರು. ಹಾಕಿದಾಗ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಒಂದು ಲೋಟದಂತೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು: ಮೇಲೆ ಸದಾ ಹಸಿ, ಕೆಳಗೆ ಸದಾ ಒಣ. ಬೆಚ್ಚಗಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಚಳಿಯಲ್ಲಿ ಮೂರು ವಾರಕ್ಕೊಮ್ಮೆ ಬೇಕಾದೀತು. ಆದರೂ ದಿನದ ಲೆಕ್ಕಕ್ಕಿಂತ ಬೆರಳನ್ನೇ ನಂಬಿ. ಸುಳಿಯೊಳಗೆ ನೀರು ಹೊಯ್ಯಬೇಡಿ. ತಂಪು ಹವೆಯಲ್ಲಿ ಅಲ್ಲಿ ನಿಂತ ನೀರು ಸುಳಿಯನ್ನೇ ಕೊಳೆಸುತ್ತದೆ.

ರೆವೊಲೂಟಾ ಮತ್ತು ಡಯೂನ್‌ಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಕೋಣೆಯೊಳಗೆ ಇಡಲೇಬೇಕಾದರೆ ಅತಿ ಹೆಚ್ಚು ಬಿಸಿಲು ಬೀಳುವ ಕಿಟಕಿಗೆ ಅಂಟಿದಂತೆ ಇಡಿ. ಮಂದ ಬೆಳಕಿನ ಮೂಲೆಯಲ್ಲೂ ಹಳೆಯ ಗರಿಗಳು ವರ್ಷವಿಡೀ ಚೆಂದವಾಗಿಯೇ ಇರುತ್ತವೆ. ಅದನ್ನು ನೋಡಿ ‘ಒಳಗೂ ಚೆನ್ನಾಗಿ ಬರುತ್ತದೆ’ ಎಂದುಕೊಳ್ಳುತ್ತಾರೆ. ಮುಂದಿನ ಸುತ್ತಿನಲ್ಲಿ ನಿಜ ಹೊರಬೀಳುತ್ತದೆ: ಗರಿಗಳು ಎರಡು ಪಟ್ಟು ಉದ್ದವಾಗಿ, ಎಲೆಗಳು ವಿರಳವಾಗಿ, ದಂಟು ಬಲವಿಲ್ಲದೆ ಬಾಗಿಬೀಳುತ್ತವೆ. ಅಂಥ ಗರಿಗೆ ಆಮೇಲೆ ಬಿಸಿಲು ಕೊಟ್ಟರೂ ಮೊಟಕಾಗುವುದಿಲ್ಲ, ಸುಟ್ಟುಹೋಗುತ್ತದೆ ಅಷ್ಟೆ. ಆದ್ದರಿಂದ ಒಳಗಿನ ಗಿಡವನ್ನು ಹೊರಗೆ ಸಾಗಿಸುವುದಾದರೆ ಸುಳಿ ಒಡೆಯುವ ಮೊದಲೇ ಸಾಗಿಸಿ. ಒಂದು ವಾರ ನೆರಳು, ಇನ್ನೊಂದು ವಾರ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು.

ಸುಳಿಯ ಮಧ್ಯದ ಚೂಪು ಪೊರೆಗಳು ಅಗಲವಾಗಿ, ಒಳಗಿನಿಂದ ತಿಳಿ ಕಂದು ತುಪ್ಪಟ ಮೇಲೆದ್ದರೆ ಗರಿ ಬರುತ್ತಿದೆ ಎಂದರ್ಥ. (ಅದು ಶಂಕುವೂ ಆಗಿರಬಹುದು; ಗಂಡಿನದಾದರೆ ಉದ್ದನೆಯ ಶಂಕು, ಹೆಣ್ಣಿನದಾದರೆ ಗುಮ್ಮಟದಂಥ ಮೆತ್ತನೆಯ ರಾಶಿ. ಶಂಕು ಬಂದ ವರ್ಷ ಹೊಸ ಗರಿ ಬರದೆಯೂ ಇರಬಹುದು, ಗಾಬರಿ ಬೇಡ.) ಈ ಹೊತ್ತಿನಿಂದ ಎಲೆಗಳು ಗಟ್ಟಿಯಾಗುವವರೆಗೆ ಕುಂಡವನ್ನು ಸರಿಸಬಾರದು, ತಿರುಗಿಸಬಾರದು, ಬೆಳಕಿನ ದಿಕ್ಕು ಬದಲಾದರೆ ಗರಿಗಳು ತಿರುಚಿಕೊಂಡು ಹಾಗೇ ಬಲಿಯುತ್ತವೆ. ಮಣ್ಣು ಪೂರ್ತಿ ಒಣಗಲು ಬಿಡಬಾರದು. ವರ್ಷದಲ್ಲಿ ನೀರಿನ ಕೊರತೆ ಗಿಡಕ್ಕೆ ನಿಜವಾಗಿ ತಾಗುವುದು ಈ ವಾರಗಳಲ್ಲೇ. ಎಳೆ ಗರಿಯನ್ನು ಮುಟ್ಟಬೇಡಿ, ಕೀಟಕ್ಕೆಂದು ಎಣ್ಣೆ ಸಿಂಪಡಿಸಬೇಡಿ. ಮುರಿದದ್ದು ಮತ್ತೆ ಬರುವುದು ಮುಂದಿನ ವರ್ಷ.

ಹೊಸ ಗರಿ ಬಂದಾಗ ಹಳೆಯ ಹಸಿರು ಗರಿಗಳನ್ನು ‘ನೀಟಾಗಿ ಕಾಣಲಿ’ ಎಂದು ಕತ್ತರಿಸುವವರಿದ್ದಾರೆ. ಪೊಟ್ಯಾಷ್, ಮೆಗ್ನೀಸಿಯಂಗಳನ್ನು ಗಿಡ ಹಳೆಯ ಗರಿಯಿಂದಲೇ ಹೀರಿ ಹೊಸದಕ್ಕೆ ಸಾಗಿಸುತ್ತದೆ. ಪೂರ್ತಿ ಕಂದಾಗಿ ಒಣಗಿದ್ದನ್ನು ಮಾತ್ರ, ಕಾಂಡದಿಂದ 3 ಸೆಂಟಿಮೀಟರ್ ಬಿಟ್ಟು ಕತ್ತರಿಸಿ.

ಗೊಬ್ಬರ, ಮತ್ತು ಎಲೆ ಹೇಳುವ ಕೊರತೆ

ನಿಧಾನವಾಗಿ ಕರಗುವ ಹರಳು ಗೊಬ್ಬರ ಒಳ್ಳೆಯದು: ಸಾರಜನಕ ಮತ್ತು ಪೊಟ್ಯಾಷ್ ಹೆಚ್ಚುಕಡಿಮೆ ಸಮ, ರಂಜಕ ಕಡಿಮೆ, ಜೊತೆಗೆ ಲಘುಪೋಷಕಾಂಶಗಳು. ಒಂದು ಲೀಟರ್ ಮಿಶ್ರಣಕ್ಕೆ 2ರಿಂದ 3 ಗ್ರಾಂ ಲೆಕ್ಕದಲ್ಲಿ, ಸುಳಿ ಒಡೆಯುವುದಕ್ಕೆ ಆರು ವಾರ ಮೊದಲೊಮ್ಮೆ, ಬೇಸಿಗೆಯ ಕೊನೆಗೊಮ್ಮೆ. ಕಾಂಡಕ್ಕೆ ತಾಗದಂತೆ ಕುಂಡದ ಅಂಚಿನಲ್ಲಿ ಹರಡಿ. ಚಳಿಯಲ್ಲಿ ಬೇಡ.

ಹಳದಿ ಬಣ್ಣ ಹಳೆಯ ಗರಿಯಲ್ಲಿದೆಯೋ ಹೊಸದರಲ್ಲೋ ಎಂದು ಮೊದಲು ನೋಡಬೇಕು. ಹಳೆಯ ಗರಿ ಇಡಿಯಾಗಿ ತಿಳಿಯಾದರೆ ಸಾರಜನಕ ಸಾಲದು. ಹಳೆಯ ಗರಿಯ ಹೊರ ಅರ್ಧ ಹಳದಿಯಾಗಿ, ಬುಡದ ಕಡೆ ಹಸಿರು ಉಳಿದರೆ ಮೆಗ್ನೀಸಿಯಂ ಸಾಲದು. ತಿಂಗಳಿಗೊಮ್ಮೆ ಲೀಟರ್ ನೀರಿಗೆ 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಮಣ್ಣಿಗೆ ಹಾಕಿ. ಹೊಸ ಗರಿಗಳೇ ಹಳದಿಯಾಗಿ, ಸುರುಟಿ, ಒಣಗಿ, ಬೆಂಕಿ ತಾಗಿದಂತೆ ಕಂಡರೆ ಅದು ಮ್ಯಾಂಗನೀಸ್ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣು, ಗಡಸು ನೀರು, ತಣ್ಣಗಿನ ಒದ್ದೆ ಬೇರು ಇದಕ್ಕೆ ಕಾರಣ. ಬಿಟ್ಟರೆ ಸುತ್ತಿನಿಂದ ಸುತ್ತಿಗೆ ಗರಿ ಗಿಡ್ಡವಾಗುತ್ತ ಗಿಡವೇ ಹೋಗುತ್ತದೆ. ಮ್ಯಾಂಗನೀಸ್ ಸಲ್ಫೇಟನ್ನು ಲೀಟರ್ ನೀರಿಗೆ ಒಂದೂಕಾಲು ಗ್ರಾಂನಂತೆ ಕರಗಿಸಿ, ಎಲೆಗಳಿಗೆ ತಿಂಗಳಿಗೊಮ್ಮೆ ಮೂರು ಸಲ ಸಿಂಪಡಿಸಿ, ಮಣ್ಣಿಗೂ ಹಾಕಿ. ಹೆಸರು ಹತ್ತಿರವೆಂದು ಮೆಗ್ನೀಸಿಯಂ ತಂದು ಹಾಕುವ ತಪ್ಪು ತುಂಬ ಆಗುತ್ತದೆ. ಪೊಟ್ಟಣದ ಮೇಲೆ ಎರಡು ಸಲ ಓದಿ. ಹಾಳಾದ ಗರಿ ಸರಿಹೋಗುವುದಿಲ್ಲ, ಮುಂದಿನದು ಹಸಿರಾಗಿ ಬಂದರೆ ಔಷಧ ಫಲಿಸಿದೆ.

ಬಿಳಿ ಶಲ್ಕ ಕೀಟ, ನೀಲಿ ಚಿಟ್ಟೆ

ಸೈಕಸ್ ಕುಲಕ್ಕೆ ದೊಡ್ಡ ಶತ್ರು ಅವ್ಲಕಾಸ್ಪಿಸ್ ಯಸುಮತ್ಸುಯಿ ಎಂಬ ಶಲ್ಕ ಕೀಟ, ಅಂದರೆ ಚಿಪ್ಪಿನಂಥ ಹೊದಿಕೆಯಡಿ ಅಂಟಿಕೊಂಡು ರಸ ಹೀರುವ ಕೀಟ. ಥೈಲ್ಯಾಂಡ್ ಮೂಲದ ಇದು 1996ರಲ್ಲಿ ಫ್ಲೋರಿಡಾದಲ್ಲಿ, 2003ರಲ್ಲಿ ಗುವಾಮ್ ದ್ವೀಪದಲ್ಲಿ ಕಾಣಿಸಿಕೊಂಡಿತು; ಗುವಾಮ್‌ನ ಕಾಡುಗಳಲ್ಲಿ ಸಾಮಾನ್ಯ ಮರವಾಗಿದ್ದ ಸೈಕಸ್ ಮೈಕ್ರೊನೇಶಿಕಾ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಎಲೆಯ ಅಡಿಯಲ್ಲಿ ಒಂದೂವರೆ ಮಿಲಿಮೀಟರ್‌ನ ಬಿಳಿ ಚುಕ್ಕೆಗಳಾಗಿ ಶುರುವಾಗಿ, ಕೆಲವೇ ತಿಂಗಳಲ್ಲಿ ಗರಿಗೆ ಸುಣ್ಣ ಬಳಿದಂತಾಗುತ್ತದೆ. ಇದರ ಕೆಟ್ಟತನ ಇರುವುದು ಮಣ್ಣಿನೊಳಗೆ: ಬೇರುಗಳ ಮೇಲೂ ನೆಲೆಸುತ್ತದೆ. ಗರಿಯೆಲ್ಲ ಸ್ವಚ್ಛಮಾಡಿ ಗೆದ್ದೆವೆಂದುಕೊಂಡ ಮೇಲೆ ಬೇರಿನಿಂದ ಮತ್ತೆ ಏರಿಬರುತ್ತದೆ.

ತೀರ ಹತ್ತಿಕೊಂಡ ಗರಿಗಳನ್ನು ಕತ್ತರಿಸಿ, ಚೀಲದಲ್ಲಿ ಬಿಗಿದು ಎಸೆಯಿರಿ. ಗೊಬ್ಬರದ ಗುಂಡಿಗೆ ಬೇಡ. ಉಳಿದವನ್ನು ನೀರಿನ ಜೋರು ಧಾರೆಯಿಂದ ತೊಳೆಯಿರಿ. ಮರುದಿನ ಸಂಜೆ ತೋಟಗಾರಿಕೆ ಎಣ್ಣೆಯನ್ನು ಲೀಟರಿಗೆ 20 ಮಿಲಿಲೀಟರ್ ಬೆರೆಸಿ, ಎಲೆಯ ಅಡಿ, ದಂಟಿನ ಬುಡ, ಕಾಂಡದ ಸಂದುಗಳು ನೆನೆಯುವಂತೆ ಸಿಂಪಡಿಸಿ. ಮೊಟ್ಟೆ ಒಡೆಯಲು ಎಂಟರಿಂದ ಹನ್ನೆರಡು ದಿನ ಬೇಕು, ಎಣ್ಣೆಗೆ ಚೆನ್ನಾಗಿ ಸಿಗುವುದು ಆಗಷ್ಟೇ ಹೊರಬಂದ ಮರಿಗಳು. ಆದ್ದರಿಂದ ಒಂದು ಸಲ ಹೊಡೆದು ಬಿಟ್ಟರೆ ವ್ಯರ್ಥ. ಹತ್ತು ದಿನಕ್ಕೊಮ್ಮೆ ನಾಲ್ಕೈದು ಸಲ ಬೇಕು. 32 ಡಿಗ್ರಿ ಮೀರಿದ ಸೆಖೆಯಲ್ಲಿ, ಒಣಗಿದ ಮಣ್ಣಿನ ಗಿಡಕ್ಕೆ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ಬೇರಿನ ಕೀಟಕ್ಕೆ ಮಣ್ಣಿಗೆ ಸುರಿಯುವ ಅಂತರ್ವ್ಯಾಪಿ (ಬೇರು ಹೀರಿ ಗಿಡದೊಳಗೆಲ್ಲ ಹರಡುವ) ಕೀಟನಾಶಕವೇ ಬೇಕಾಗಬಹುದು. ಅದು ಜೇನಿಗೂ ಮಾರಕ. ನಿಮ್ಮಲ್ಲಿ ಅನುಮತಿ ಇರುವುದನ್ನೇ, ಡಬ್ಬಿಯ ಮೇಲಿನ ಪ್ರಮಾಣದಲ್ಲೇ ಬಳಸಿ. ಸತ್ತ ಕೀಟದ ಬಿಳಿ ಚಿಪ್ಪು ಎಲೆಗೆ ಅಂಟಿಯೇ ಇರುವುದರಿಂದ ಗುಣವಾಯಿತೋ ಇಲ್ಲವೋ ಕಣ್ಣಿಗೆ ಗೊತ್ತಾಗದು. ಉಗುರಿನಿಂದ ಕೆರೆದು ನೋಡಿ: ಹಳದಿ ರಸ ಬಂದರೆ ಬದುಕಿದೆ, ಒಣ ಪುಡಿಯಾದರೆ ಸತ್ತಿದೆ. ಹೊಸದಾಗಿ ತಂದ ಯಾವುದೇ ಸೈಕಸ್ ಅನ್ನು ಆರು ವಾರ ದೂರ ಇಟ್ಟು ಆಮೇಲೆ ಉಳಿದವುಗಳ ಜೊತೆ ಸೇರಿಸುವುದು ಇಷ್ಟೆಲ್ಲ ಔಷಧಕ್ಕಿಂತ ಸುಲಭ.

ಎಳೆ ಗರಿಗಳು ಎರಡು ಮೂರು ದಿನದಲ್ಲಿ ಬರೀ ದಂಟಾದರೆ ಅದು ಸೈಕಸ್ ನೀಲಿ ಚಿಟ್ಟೆಯ ಹುಳು. ಚಿಟ್ಟೆ ಆಗಷ್ಟೇ ಮೂಡಿದ ಸುಳಿಯ ಮೇಲೇ ಮೊಟ್ಟೆಯಿಡುತ್ತದೆ; ಹುಳುಗಳನ್ನು ಇರುವೆಗಳು ಕಾಯುವುದರಿಂದ ಸುಳಿಯಲ್ಲಿ ಇರುವೆ ಕಂಡರೆ ಬಗ್ಗಿ ನೋಡಿ. ಸುಳಿ ಉಬ್ಬಿದ ದಿನವೇ ನುಣ್ಣನೆಯ ಸೊಳ್ಳೆ ಬಲೆಯನ್ನು ಗರಿಗೆ ಒತ್ತದಂತೆ ಕೋಲುಗಳ ಮೇಲೆ ಹೊದಿಸಿ, ಎಲೆ ಗಟ್ಟಿಯಾದ ಮೇಲೆ ತೆಗೆದರೆ ಔಷಧವೇ ಬೇಡ. ತಡವಾದರೆ ಬಿಟಿ ಎಂಬ, ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಜೈವಿಕ ಪುಡಿಯನ್ನು ಸಂಜೆ ಸಿಂಪಡಿಸಿ, ವಾರದೊಳಗೆ ಮತ್ತೊಮ್ಮೆ. ಬಲಿತ ಗರಿಯ ತಂಟೆಗೆ ಈ ಹುಳು ಹೋಗುವುದಿಲ್ಲ.

ಕೊಳೆ

ಕಾಂಡದ ಬುಡ ಮೆತ್ತಗಾಗಿ ಹುಳಿವಾಸನೆ ಬಂದರೆ ಆ ದಿನವೇ ಕಿತ್ತು ನೋಡಬೇಕು. ಮಣ್ಣು ತೊಳೆದು, ಕಂದಾದ ಭಾಗವನ್ನು ಕಾಯಿಸಿ ಆರಿಸಿದ ಚಾಕುವಿನಿಂದ ಬಿಳಿಯ ಗಟ್ಟಿ ತಿರುಳು ಸಿಗುವವರೆಗೆ ಕೊರೆದು ತೆಗೆಯಿರಿ. ಒಂದು ಚುಕ್ಕೆ ಕಂದು ಉಳಿದರೂ ಹರಡುತ್ತದೆ. ಗಂಧಕದ ಪುಡಿ ಅಥವಾ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಸವರಿ, ಗರಿಗಳನ್ನೆಲ್ಲ ಕತ್ತರಿಸಿ, ನೆರಳಿನಲ್ಲಿ ಎರಡು ವಾರ ಒಣಗಿಸಿ. ಆಮೇಲೆ ಬರೀ ಪರ್ಲೈಟ್‌ನಲ್ಲಿ ಕೂರಿಸಿ. ಸುಳಿ ಗಟ್ಟಿಯಾಗಿದ್ದರೆ ಆರು ತಿಂಗಳಲ್ಲೋ ವರ್ಷದಲ್ಲೋ ಬೇರು ಬರುತ್ತದೆ. ಸುಳಿಯೇ ಕೊಳೆತಿದ್ದರೂ ಕಾಂಡದ ಮಗ್ಗುಲಿನಿಂದ ಮರಿ ಒಡೆಯುವುದುಂಟು. ಬೇಗ ಎಸೆಯಬೇಡಿ.

ಮರಿ ಮತ್ತು ಬೀಜ

ಕಾಂಡದ ಬುಡದಲ್ಲಿ ಬರುವ ಮರಿಗಳನ್ನು ಬೇರ್ಪಡಿಸುವುದು ಸುಲಭ. ನಿಂಬೆಹಣ್ಣಿನ ಗಾತ್ರ ದಾಟಿದ ಮರಿಯನ್ನು, ಗಿಡ ಸುಮ್ಮನಿರುವ ಚಳಿಯ ಕೊನೆಯಲ್ಲಿ, ಉಳಿಯಿಂದ ಸಂದಿಗೆ ಮೀಟಿ ತೆಗೆಯಿರಿ. ಅದರ ಗರಿಗಳನ್ನೆಲ್ಲ ಕತ್ತರಿಸಬೇಕು; ಬೇರಿಲ್ಲದ ಮರಿ ಗರಿಗೆ ನೀರು ಒದಗಿಸಲಾರದು. ಎರಡೂ ಕಡೆಯ ಗಾಯಕ್ಕೆ ಶಿಲೀಂಧ್ರನಾಶಕ ಸವರಿ, ಮರಿಯನ್ನು ಒಂದು ವಾರ ಒಣಗಿಸಿ, ಅರ್ಧ ಹೂತು, ಒಮ್ಮೆ ನೀರು ಕೊಟ್ಟು, ಮತ್ತೆ ಪೂರ್ತಿ ಒಣಗಿದ ಮೇಲೆಯೇ ಕೊಡಿ. ಮೊದಲ ಗರಿ ಕಂಡರೂ ಬೇರು ಬಂದಿದೆ ಎಂದಲ್ಲ. ಅದು ದಾಸ್ತಾನಿನಿಂದ ಬಂದದ್ದಾಗಿರಬಹುದು. ಮೆಲ್ಲಗೆ ಎತ್ತಿದಾಗ ಹಿಡಿದುಕೊಂಡರೆ ಮಾತ್ರ ಬೇರಿದೆ.

ಮರಿ ಯಾವತ್ತೂ ತಾಯಿಯ ಲಿಂಗದ್ದೇ. ದಕ್ಷಿಣ ಆಫ್ರಿಕಾದ ಒಂಗೋಯೆ ಕಾಡಿನಲ್ಲಿ 1895ರಲ್ಲಿ ಸಿಕ್ಕ ಎನ್ಸೆಫಲಾರ್ಟಸ್ ವುಡೀ ಒಂದೇ ಒಂದು ಗಂಡು ಗಿಡ. ಇಂದು ಜಗತ್ತಿನ ಉದ್ಯಾನಗಳಲ್ಲಿರುವುದೆಲ್ಲ ಅದರ ಮರಿಗಳೇ, ಹಾಗಾಗಿ ಎಲ್ಲವೂ ಗಂಡು. ಬೀಜ ಬೇಕೆಂದರೆ ಎರಡೂ ಲಿಂಗದ ಗಿಡ ಬೇಕು. ಕಾಡಿನಲ್ಲಿ ಪರಾಗ ಸಾಗಿಸುವುದು ಹೆಚ್ಚಾಗಿ ಜೀರುಂಡೆಗಳು. ಮನೆಯಲ್ಲಿ ಅವು ಇಲ್ಲದಿದ್ದರೆ ಕೈಯಿಂದಲೇ ಮಾಡಬೇಕು. ಗಂಡು ಶಂಕು ಹಳದಿ ಪುಡಿ ಉದುರಿಸಿದಾಗ ಕಾಗದದ ಮೇಲೆ ಹಿಡಿದು, ಒಣಗಿಸಿ, ಕಾಗದದ ಲಕೋಟೆಯಲ್ಲಿ ಫ್ರಿಜ್‌ನಲ್ಲಿಡಿ. ಹೆಣ್ಣಿನ ಗುಮ್ಮಟ ಸಡಿಲವಾಗಿ ಸಂದು ಬಿಟ್ಟಾಗ ಆ ಪುಡಿಯನ್ನು ಒಳಗೆಲ್ಲ ಊದಿ, ಎರಡು ದಿನ ಬಿಟ್ಟು ಇನ್ನೆರಡು ಸಲ.

ಮಾಗಿದ ಕಿತ್ತಳೆ-ಕೆಂಪು ಬೀಜವನ್ನು ಕೂಡಲೇ ಬಿತ್ತಿದರೆ ಹೆಚ್ಚಾಗಿ ಕೊಳೆಯುತ್ತದೆ, ಏಕೆಂದರೆ ಒಳಗಿನ ಭ್ರೂಣ ಇನ್ನೂ ಬಲಿತಿರುವುದಿಲ್ಲ. ಕೈಗವಸು ಹಾಕಿಕೊಂಡು, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಹೊರಗಿನ ಮೆತ್ತನೆಯ ಸಿಪ್ಪೆಯನ್ನು ಪೂರ್ತಿ ಉಜ್ಜಿ ತೆಗೆಯಿರಿ; ಮೊಳಕೆ ತಡೆಯುವ ಗುಣ ಅದರಲ್ಲಿದೆ. ನಾಲ್ಕೈದು ತಿಂಗಳು ತಂಪು ನೆರಳಿನಲ್ಲಿಟ್ಟ ಮೇಲೆ, ಪರ್ಲೈಟ್ ಮತ್ತು ಕೋಕೋಪೀಟ್ ಸಮಪಾಲಿನ ಮಿಶ್ರಣದಲ್ಲಿ ಬೀಜವನ್ನು ಅಡ್ಡಲಾಗಿ ಮಲಗಿಸಿ, ಅರ್ಧ ಮಾತ್ರ ಹೂತು, 27ರಿಂದ 30 ಡಿಗ್ರಿ ಶಾಖದಲ್ಲಿಡಿ. ಮೊಳಕೆಗೆ ಮೂರರಿಂದ ಒಂಬತ್ತು ತಿಂಗಳು ಬೇಕಾಗಬಹುದು. ಮೊದಲು ಬರುವುದು ದಪ್ಪನೆಯ ತಾಯಿಬೇರು. ಅದು 5 ಸೆಂಟಿಮೀಟರ್ ದಾಟುವ ಮೊದಲು ಒಂದೊಂದನ್ನೂ 20 ಸೆಂಟಿಮೀಟರ್ ಆಳದ ಬೇರೆ ಬೇರೆ ಕುಂಡಕ್ಕೆ ಸಾಗಿಸಿ, ಬೇರಿನ ತುದಿ ಮುರಿಯದಂತೆ. ಬೀಜವನ್ನು ಸಸಿಯಿಂದ ಕೀಳಬೇಡಿ, ಅದರ ಆಹಾರ ಇನ್ನೂ ಹಲವು ತಿಂಗಳು ಬೇಕು. ಮೊದಲ ವರ್ಷ ಒಂದೆರಡು ಎಲೆಗಳಷ್ಟೇ ಬರುತ್ತವೆ. ಸಸಿ ಗಂಡೋ ಹೆಣ್ಣೋ ಎಂಬುದು ಶಂಕು ಬಂದಾಗಲೇ ತಿಳಿಯುವುದು. ರೆವೊಲೂಟಾದಲ್ಲಿ ಅದಕ್ಕೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಹೀಗಾಗಿ ಬೀಜದಿಂದ ಜೋಡಿ ಬೇಕೆನ್ನುವವರು ಐದಾರು ಸಸಿಗಳನ್ನಾದರೂ ಉಳಿಸಿಕೊಳ್ಳಬೇಕು.